ಹಾರ್ಡ್ ಡಿಸ್ಕಿನ ಬಾಯಿ

ನಮ್ಮ ಮನೆಯ ಬೀರುವಿನಲ್ಲಿ, ನನ್ನ ಧಾರೆ ಸೀರೆಯ ಪಕ್ಕದಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಹಾರ್ಡ್ ಡಿಸ್ಕ್ ಇದೆ. ಕಪ್ಪು ಬಣ್ಣ, ಅರ್ಧ ಇಟ್ಟಿಗೆಯಷ್ಟು ಗಾತ್ರ, ಒಂದು ಮೂಲೆ ಚಕ್ಕೆ ಎದ್ದಿದೆ. ಗರುಡಾಚಾರ್‌ಪಾಳ್ಯದ ನಮ್ಮ ಬೀದಿಗೆ ಗುಜರಿಯವನು ಬಂದು "ಹಳೇ ಪೇಪರ್, ಹಳೇ ಕಬ್ಣಾ" ಎಂದು ಕೂಗಿದಾಗಲೆಲ್ಲ ನಮ್ಮೆಜಮಾನರು ನನ್ನ ಮುಖ ನೋಡುತ್ತಾರೆ. "ಏನೇ, ಆ ಡಬ್ಬ ಕೊಟ್ಬಿಡೋದಾ?" ಎನ್ನುತ್ತಾರೆ. ಕೊಡುವುದಿಲ್ಲ ಎಂದು ಅವರಿಗೂ ಗೊತ್ತು. ಕೇಳಿ ಬೈಸಿಕೊಳ್ಳದಿದ್ದರೆ ಅವರಿಗೆ ಭಾನುವಾರ ಭಾನುವಾರ ಅನ್ನಿಸುವುದಿಲ್ಲ, ಅಷ್ಟೇ.

ಓಡದ ಯಂತ್ರವನ್ನು ರೇಷ್ಮೆ ಸೀರೆಯ ಜೊತೆ ಇಟ್ಟುಕೊಂಡಿರುವ ಹೆಂಗಸಿನ ಬಗ್ಗೆ ನೀವು ಏನೆಂದುಕೊಳ್ಳುತ್ತೀರೋ ನಾನು ಬಲ್ಲೆ. ತಾಳಿ, ಕಾರಣವಿದೆ. ಆದರೆ ನೆಟ್ಟಗೆ ಹೇಳುವುದು ನನಗೆ ಬಾರದು. ನಮ್ಮಪ್ಪನ ಕಡೆಯವರಿಗೆಲ್ಲ ಇದೇ ಕಾಯಿಲೆ. ಕಾಲು ಉಳುಕಿದ್ದು ಹೇಗೆ ಎಂದು ಕೇಳಿದರೆ ಚಪ್ಪಲಿ ಕೊಂಡ ಅಂಗಡಿಯಿಂದ ಶುರು ಮಾಡುತ್ತಾರೆ. ನಾನು ಅಪ್ಪನಿಂದಲೇ ಶುರು ಮಾಡುತ್ತೇನೆ.

ಅಪ್ಪ ಶಿವಾಜಿನಗರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ನಮ್ಮ ಮನೆ ಹಲಸೂರಿನಲ್ಲಿ, ಕೆರೆಯ ಹಿಂದಿನ ಗಲ್ಲಿಯಲ್ಲಿ. ತೊಂಬತ್ತರ ದಶಕದ ಶುರು, ನಾನಿನ್ನೂ ಹೈಸ್ಕೂಲು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಮಾತ್ರ, ನನಗೆ ಆ ಪ್ರೆಸ್ಸಿನೊಳಗೆ ಪ್ರವೇಶ. ಮಾಲೀಕರು ಸಾಹೇಬರು. ಆದರೂ ಸೇವಂತಿಗೆ ಹಾರವನ್ನು ರಸೆಲ್ ಮಾರ್ಕೆಟ್ಟಿನಿಂದ ಅವರೇ ಆರಿಸಿ ತರುತ್ತಿದ್ದರು, ಬೇರೆಯವರು ತಂದರೆ ಬಾಡಿದ್ದನ್ನು ತರುತ್ತಾರೆ ಎಂದು ಅವರ ಗುಮಾನಿ. ಸೀಮೆಎಣ್ಣೆಯಲ್ಲಿ ತೊಳೆದ, ಅಚ್ಚು ಹಾಕುವ ಟ್ರೆಡಲ್ ಮೆಷಿನ್ನು ವಿಭೂತಿ ಪಟ್ಟೆ ಬಳಿದುಕೊಂಡು ನಿಂತಿರುತ್ತಿತ್ತು. ಬೂದುಗುಂಬಳಕಾಯಿ ಒಡೆದ ಮೇಲೆ ಕಡ್ಲೆಪುರಿ, ಬಾಳೆಹಣ್ಣು. ಆವತ್ತು ಯಾರೂ ಒಂದು ಮೊಳೆಯನ್ನೂ ಮುಟ್ಟುವಂತಿಲ್ಲ. ಎಲ್ಲ ಮುಗಿದ ಮೇಲೆ ಅಪ್ಪ ಯಾರಿಗೂ ಕಾಣದ ಹಾಗೆ ತಮ್ಮ ಹೆಬ್ಬೆರಳಿಗೂ ಒಂದು ಚುಕ್ಕಿ ಕುಂಕುಮ ಇಟ್ಟುಕೊಳ್ಳುತ್ತಿದ್ದರು. ನಾನು ನೋಡುತ್ತಿದ್ದೆ. ಕೆಲಸದ ಸಾಮಾನು ಎಂದರೆ ಏನೆಂದು ನಾನು ಕಲಿತದ್ದು ಅಲ್ಲಿ.

ಮೊಳೆಗಳ ಕಾಲ ಮುಗಿಯಿತು. ನಾನು ಕಂಪ್ಯೂಟರಿನಲ್ಲಿ ಡಿಟಿಪಿ ಕಲಿತು, ಅದೇ ಶಿವಾಜಿನಗರದ ಇನ್ನೊಂದು ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡಲು ಕುಳಿತೆ. ಪಕ್ಕದ ಕುರ್ಚಿಯಲ್ಲಿ ಸೆಲ್ವಿ. ಅವಳ ಕನ್ನಡದಲ್ಲಿ ಅರ್ಧ ತಮಿಳು, ನನ್ನ ತಮಿಳಿನಲ್ಲಿ ಮುಕ್ಕಾಲು ಕನ್ನಡ, ಆದರೂ ನಮ್ಮ ಮಾತು ಒಂದು ದಿನ ನಿಂತದ್ದಿಲ್ಲ. ಆಮೇಲೆ ನಾನು ಮದುವೆಯಾಗಿ ಗರುಡಾಚಾರ್‌ಪಾಳ್ಯಕ್ಕೆ ಬಂದೆ. ಮನೆಯಲ್ಲೇ ಒಂದು ಕಂಪ್ಯೂಟರು ಹಾಕಿಕೊಂಡು ಕೆಲಸ ಮುಂದುವರಿಸಿದೆ.

ಈಗ ಅತ್ತೆ. ಹೆಸರು ಪಿಳ್ಳಮ್ಮ. ನಮ್ಮವರ ಹೊಲಗಳಿದ್ದ ಜಾಗದಲ್ಲಿ ನಾನು ಮದುವೆಯಾಗಿ ಬರುವ ಹೊತ್ತಿಗೇ ಕಾರ್ಖಾನೆಗಳ ಶೆಡ್ಡುಗಳು ಎದ್ದಿದ್ದವು, ಆಮೇಲೆ ಗಾಜಿನ ಆಫೀಸುಗಳೂ ಬಂದವು. ಉಳುವುದು, ಬಿತ್ತುವುದು ನಿಂತು ಬಾಡಿಗೆ ಮನೆಗಳ ಕಾಲ ಬಂದಿತ್ತು. ಆದರೆ ಅತ್ತೆ ಆಯುಧಪೂಜೆಯ ದಿನ ಅಟ್ಟದಿಂದ ಕುಡುಗೋಲು, ಗುದ್ದಲಿ, ಮಚ್ಚು, ಕುಂಟೆಯ ಕಬ್ಬಿಣ ಎಲ್ಲ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಬಾಳೆ ಎಲೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಮಾವ ತೀರಿಕೊಂಡ ಮೇಲೆ ತಾವು ಕುಂಕುಮ ಬಿಟ್ಟರೂ ಸಾಮಾನುಗಳಿಗೆ ಇಡುವ ಹಕ್ಕನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ಅದಕ್ಕೊಂದು ಅವರದೇ ಕಟ್ಟಳೆಯಿತ್ತು. ಪ್ರತಿಯೊಂದು ಸಾಮಾನಿಗೂ ಒಂದು ಬಾಯಿ ಇರುತ್ತದೆ, ಅರಿಶಿನ ಕುಂಕುಮದ ಬೊಟ್ಟು ಬಾಯಿಗೇ ಹೋಗಬೇಕು. ಬೆನ್ನಿಗೆ ಇಟ್ಟರೆ ಇಟ್ಟ ಹಾಗಲ್ಲ. ಕುಡುಗೋಲಿಗೆ ಅಲಗು ಬಾಯಿ, ಬೀಸುವ ಕಲ್ಲಿಗೆ ಕಾಳು ಹಾಕುವ ತೂತು ಬಾಯಿ, ಮೋಟಾರಿಗೆ ನೀರು ಸುರಿಯುವ ಪೈಪು ಬಾಯಿ. ಹೊಲಿಗೆ ಮೆಷಿನ್ನಿನ ಸೂಜಿಯ ಬುಡಕ್ಕೆ ಇಟ್ಟು, ಓರಗಿತ್ತಿಯ ಮಗಳ ಬಿಳಿ ಯೂನಿಫಾರಮ್ಮಿಗೆ ಹಳದಿ ಕರೆ ಬಿದ್ದದ್ದುಂಟು. ಯಜಮಾನರು ಸ್ಕೂಟರು ತಂದ ವರ್ಷವಂತೂ ದೊಡ್ಡ ರಾದ್ಧಾಂತ. ಅತ್ತೆ ಸ್ಕೂಟರಿನ ಸುತ್ತ ಬಂದರು, ದೀಪ ನೋಡಿದರು, ಹಾರನ್ನು ನೋಡಿದರು, ಆಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ಒಳಗಿನ ಅಂಚಿಗೆ ಬೊಟ್ಟಿಟ್ಟರು.

"ಅವ್ವಾ! ಒಳಗ್ ಬಿದ್ರೆ ಇಂಜಿನ್ ಹೋಗುತ್ತೆ!" ಎಂದು ಯಜಮಾನರು ಕೂಗಿದರು.

"ತಿನ್ನೋ ಬಾಯಿ ಅದೇ ತಾನೆ? ಇನ್ನೆಲ್ಲಿಗ್ಲಾ ಇಡ್ಲಿ, ನಿನ್ ತಲೆಗಾ?" ಎಂದರು ಅತ್ತೆ.

ನಾನು ಬಂದ ಮೊದಲ ಆಯುಧಪೂಜೆಗೆ, ತವರಿನ ರೂಢಿಯ ಹಾಗೆ, ನನ್ನ ಕೀಬೋರ್ಡನ್ನು ತಂದು ಕುಡುಗೋಲಿನ ಪಕ್ಕದಲ್ಲಿ ಎಲೆಯ ಮೇಲೆ ಇಟ್ಟೆ. ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ, ಗೋಡೆಯ ಪಕ್ಕಕ್ಕೆ ಸರಿಸಿದರು.

"ಇದು ಬ್ಯಾಡ ಕಣಮ್ಮಿ. ಕೆಲ್ಸದ ಸಾಮಾನು ಮಾತ್ರ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಅವರ ಲೆಕ್ಕದಲ್ಲಿ ಬೆವರು ಬರದಿದ್ದರೆ, ಬೆನ್ನು ಬಗ್ಗದಿದ್ದರೆ ಅದು ಕೆಲಸವಲ್ಲ. ನಾನು ಕುಳಿತು ನೋಡುವವಳು, ಪಕ್ಕದ ಮನೆಯ ಟಿವಿ ನೋಡುವವರ ಹಾಗೆ. ಮುಂದಿನ ವರ್ಷಗಳಲ್ಲಿ ನಾನೇ ಒಂದು ಸೇವಂತಿಗೆ ಹೂವನ್ನು ಮಾನಿಟರಿನ ಮೇಲೆ ಇಟ್ಟುಕೊಂಡು ಸುಮ್ಮನಾಗುತ್ತಿದ್ದೆ. ಅತ್ತೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹಾಗೆಂದು ನಮ್ಮಿಬ್ಬರಿಗೆ ಜಗಳವಿತ್ತು ಎಂದುಕೊಳ್ಳಬೇಡಿ. ನಾನು ಕೆಲಸ ಮಾಡುವಾಗ ಅವರು ಹೊಸ್ತಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮಾತಿಲ್ಲ. ನಡುನಡುವೆ ತಲೆಯೆತ್ತಿ ಪರದೆ ನೋಡುತ್ತಿದ್ದರು. ಯಾರದೋ ಲಗ್ನಪತ್ರಿಕೆಯಲ್ಲಿ ಗಣಪತಿಯನ್ನು ನಾನು ಎಡಕ್ಕೆ, ಬಲಕ್ಕೆ ಸರಿಸುತ್ತಿದ್ದರೆ, "ಅಲ್ಲೇ ಇರ್ಲಿ ಬಿಡು, ಪಾಪ, ಯಾಕಂಗೆ ಓಡಾಡುಸ್ತೀಯ ಅವ್ನ" ಎನ್ನುವರು.

ಒಂದು ಬೇಸಿಗೆಯಲ್ಲಿ ಕಂಪ್ಯೂಟರಿನ ಹೊಟ್ಟೆ ತುಂಬಿತೆಂದು ಈ ಹಾರ್ಡ್ ಡಿಸ್ಕ್ ತಂದೆ. ಹಿಂದುಗಡೆ ಕೇಬಲ್ ಚುಚ್ಚಿದರೆ ಟಿಂಗ್ ಎಂದು ಸದ್ದು ಬಂದು, ಪರದೆಯ ಮೇಲೆ ಇನ್ನೊಂದು ಡ್ರೈವು ಮೂಡುತ್ತಿತ್ತು. ಅತ್ತೆ ಅವರೆಕಾಯಿ ಬಿಟ್ಟು ಎದ್ದು ಬಂದರು.

"ಇದ್ರಾಗೇನೈತೆ?"

"ನಾನು ಇಲ್ಲಿವರೆಗೆ ಮಾಡಿರೋ ಕೆಲಸ ಎಲ್ಲ ಇದರಲ್ಲೇ ಇದೆ ಅತ್ತೆ."

"ಎಲ್ಲಾನೂವೆ? ಈಟು ವರ್ಸದ್ದೂ?"

"ಎಲ್ಲಾ. ಬೇಕಾದಾಗ ತೆಗೀಬಹುದು."

ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು. ತಿರುಗಿಸಿ ನೋಡಿದರು. "ಹಗೇವು ಅನ್ನು," ಎಂದರು.

ಹಗೇವು ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ನಮ್ಮ ಮನೆಯ ಮುಂದೆಯೂ ಒಂದಿತ್ತಂತೆ, ಒಬ್ಬರು ಇಳಿಯುವಷ್ಟೇ ಬಾಯಿ, ಒಳಗೆ ಮಾತ್ರ ಕೋಣೆಯಷ್ಟು ಅಗಲ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ಮುಚ್ಚುವ ಮುನ್ನ ಬಾಯಿಗೆ ಪೂಜೆ, ತೆರೆಯುವ ಮುನ್ನ ಬಾಯಿಗೆ ಪೂಜೆ. ತೆರೆದ ಕೂಡಲೇ ಇಳಿದರೆ ಒಳಗಿನ ಗಾಳಿಗೆ ಪ್ರಾಣ ಹೋಗುತ್ತದೆಂದು ಮೊದಲು ದೀಪ ಇಳಿಬಿಟ್ಟು ಕಾಯುತ್ತಿದ್ದರಂತೆ. ಈಗ ಅದರ ಮೇಲೆ ಬಾಡಿಗೆಯವರ ಕಾರು ನಿಲ್ಲುತ್ತದೆ. ಅತ್ತೆ ಇದನ್ನೆಲ್ಲ ಹೇಳಿ, ಡಿಸ್ಕನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟು, ಅವರೆಕಾಯಿಗೆ ವಾಪಸಾದರು.

ಅದೇ ಬೇಸಿಗೆಯಲ್ಲಿ ಒಂದು ಫೋಟೋ ತೆಗೆದೆ. ಅತ್ತೆಗೂ ಕ್ಯಾಮೆರಾಕ್ಕೂ ಆಗುತ್ತಿರಲಿಲ್ಲ. ಮದುವೆ ಆಲ್ಬಮ್ಮುಗಳಲ್ಲೆಲ್ಲ ಅವರದು ಅರ್ಧ ಭುಜ, ಇಲ್ಲವೇ ಬಗ್ಗಿಸಿದ ತಲೆ. ನೆಟ್ಟಗೆ ಮುಖ ಕಾಣುವಂಥದ್ದು ವೋಟರ್ ಕಾರ್ಡಿನದು ಒಂದೇ. ಆ ಕಾರ್ಡು ಕೈಗೆ ಬಂದ ದಿನ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದ್ಯಾವ್ಳೋ ಕಳ್ಳಿ. ಕೋಳಿ ಕದ್ದು ಸಿಕ್ಕಾಕಂಡವ್ಳೆ. ನಾ ಸತ್ರೆ ಇದುನ್ನ ಮಾತ್ರ ಗೋಡೆಗ್ ಹಾಕ್ಬ್ಯಾಡ್ರಪ್ಪ, ನಿಮ್ ದಮ್ಮಯ್ಯ," ಎಂದಿದ್ದರು. ನಾವು ಬಿದ್ದು ಬಿದ್ದು ನಕ್ಕಿದ್ದೆವು. ಅವರು ನಕ್ಕಿರಲಿಲ್ಲ.

ಹಾಗಾಗಿ ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಿದ್ದಾಗ, ಹೇಳದೆ ಕೇಳದೆ, ನನ್ನ ಡಿಜಿಟಲ್ ಕ್ಯಾಮೆರಾದಲ್ಲಿ ಒಂದು ಕ್ಲಿಕ್ಕಿಸಿಬಿಟ್ಟೆ. ಪರದೆಯಲ್ಲಿ ತೋರಿಸಿದಾಗ ಅತ್ತೆ ಬಹಳ ಹೊತ್ತು ನೋಡಿದರು. "ಪರ್ವಾಗಿಲ್ಲ, ಇವ್ಳು ನಾನೇಯ," ಎಂದರು. ಫೋಟೋವನ್ನು ಡಿಸ್ಕಿಗೆ ಹಾಕಿ, ಕ್ಯಾಮೆರಾ ಖಾಲಿ ಮಾಡಿದೆ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಡಿಸ್ಕು ಕೈಕೊಡಲು ಶುರುಮಾಡಿತು. ಟಿಂಗ್ ಎಂದು ಬರುವುದು, ಟುಂಗ್ ಎಂದು ಹೋಗುವುದು. ಫೈಲು ತೆರೆಯುವಷ್ಟರಲ್ಲಿ ಡ್ರೈವೇ ಮಾಯ. ಕೇಬಲ್ಲನ್ನು ಸ್ವಲ್ಪ ಎಡಕ್ಕೆ ಒತ್ತಿ ಹಿಡಿದರೆ ಮತ್ತೆ ಪ್ರತ್ಯಕ್ಷ. ಕೇಬಲ್ಲು ಹಳತಾಯಿತೆಂದು ಹೊಸದು ತಂದೆ. ಹಳೆಯದರ ತುದಿ ಹಳದಿ ಬಣ್ಣಕ್ಕೆ ತಿರುಗಿತ್ತು, ಪ್ಲಾಸ್ಟಿಕ್ಕು ಹಳತಾದರೆ ಹೀಗಾಗುತ್ತದೆ ಎಂದು ನನಗೆ ನಾನೇ ವಿವರಣೆ ಕೊಟ್ಟುಕೊಂಡು ಎಸೆದೆ. ಕೆಲವು ದಿನ ನೆಟ್ಟಗಿತ್ತು, ಮತ್ತೆ ಅದೇ ಹಾಡು. ನಾನು ಮೇಜಿನ ಕೆಳಗೆ ತೂರಿಕೊಂಡು ಗೊಣಗುತ್ತಿದ್ದರೆ ಹೊಸ್ತಿಲಿನಿಂದ ಅತ್ತೆ ಕೇಳಿದರು:

"ಏನಾಯ್ತಮ್ಮಿ?"

"ಡಿಸ್ಕ್ ಕೆಡೋ ಹಾಗಿದೆ ಅತ್ತೆ."

"ಅಂಗಾಗಾಕಿಲ್ಲ ಬಿಡು. ಈ ವರ್ಸ ಅದುಕ್ಕೇನೂ ಆಗಾಕಿಲ್ಲ."

ಎಷ್ಟು ಧೈರ್ಯವಾಗಿ ಹೇಳಿದರೆಂದರೆ ನನಗೆ ನಗು ಬಂತು. ಇವರಿಗೇನು ಗೊತ್ತು ಇದರ ವಿಷಯ ಎಂದುಕೊಂಡೆ.

ಸಂಕ್ರಾಂತಿ ಆದ ಮೇಲೆ ಒಂದು ಬೆಳಗ್ಗೆ ಅತ್ತೆ ಹೋದರು. ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು, ಅಷ್ಟೇ. ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಸುಲಿಯದೆ ಉಳಿದ ಅವರೆಕಾಯಿ ಮೊರದಲ್ಲಿ ಹಾಗೇ ಇತ್ತು. ಅದನ್ನು ಯಾರು ತೆಗೆದಿಟ್ಟರೋ ನನಗೆ ನೆನಪಿಲ್ಲ.

ಸೂತಕದ ಮನೆ. ದೇವರ ಗೂಡಿನ ಬಾಗಿಲು ಮುಚ್ಚಿತು, ಅರಿಶಿನ ಕುಂಕುಮದ ಬಟ್ಟಲು ಒಳಗೆ ಹೋಯಿತು. ತಿಥಿಯ ದಿನಕ್ಕೆ ಫೋಟೋಕ್ಕೆ ಕಟ್ಟು ಹಾಕಿಸಬೇಕು. ಯಜಮಾನರು ಬಂದು, "ಅವ್ವನ್ ಫೋಟೋ ತೆಗಿ, ಹಲಸೂರಲ್ಲಿ ಫ್ರೇಮ್ ಹಾಕಿಸ್ಕೊಂಡ್ ಬರ್ತೀನಿ" ಎಂದರು. ಡಿಸ್ಕಿಗೆ ಕೇಬಲ್ ಹಾಕಿದೆ. ಟಿಂಗ್ ಎಂದಿತು, ಟುಂಗ್ ಎಂದಿತು. ಆಮೇಲೆ ಅದೂ ಇಲ್ಲ.

ಮುಂದಿನ ಕಡೆಯ ಪೋರ್ಟು, ಹಿಂದಿನ ಕಡೆಯ ಪೋರ್ಟು, ಆರಿಸಿ ಹಾಕುವುದು, ಹಾಕಿ ಆರಿಸುವುದು ಎಲ್ಲ ಆಯಿತು. ಮಾತಾಡಿಸಲು ಬಂದ ನೆಂಟರೂ ಮೇಜಿನ ಸುತ್ತ ನೆರೆದರು. ದಿನಸಿ ಅಂಗಡಿಯ ಭಾವ ಒಂದು ಏಟು ಕೊಟ್ಟು ನೋಡಿ ಎಂದರು, ಹಳೇ ರೇಡಿಯೋ ಅವರ ಕೈಯಲ್ಲಿ ಹಾಗೇ ಸರಿಹೋಗಿತ್ತಂತೆ. ಮಹದೇವಪುರದ ದೊಡ್ಡ ಆಫೀಸಿನಲ್ಲಿರುವ ನೆಂಟರ ಹುಡುಗ ಫ್ರಿಜ್ಜಿನ ಐಸ್ ಗೂಡಿನಲ್ಲಿ ಇಟ್ಟು ತೆಗೆಯಿರಿ ಎಂದ. ಸತ್ತವರ ಮುಖ ಹುಡುಕಲು ಐಸಿನಲ್ಲಿ ಇಡುವುದೇ? ಬೇಡ ಎಂದೆ.

ಒಮ್ಮೆ ಮಾತ್ರ ಡ್ರೈವು ಮೂಡಿ, ಪರದೆಯ ಮೇಲೆ ಒಂದು ಚೌಕ ಬಂತು. ಡಿಸ್ಕು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಎಂದು ಇಂಗ್ಲಿಷಿನಲ್ಲಿ ಬಹಳ ವಿನಯದ ಪ್ರಶ್ನೆ.

"ಏನೋ ಮಾಡ್ಲಾ ಅಂತ ಕೇಳ್ತಾ ಐತೆ, ಎಸ್ ಅನ್ಲಾ?" ಯಜಮಾನರ ಕೈ ಆಗಲೇ ಮೌಸಿನ ಮೇಲಿತ್ತು.

ನಾನು ಅವರ ಮಣಿಕಟ್ಟು ಹಿಡಿದು ಎಳೆದೆ. "ರೀ! ಎಸ್ ಅಂದ್ರೆ ಇರೋದೆಲ್ಲಾ ಒರೆಸ್ಕೊಂಡ್ ಹೋಗುತ್ತೆ!"

ಅವರು ಮೌಸು ಬಿಟ್ಟು ಹಿಂದೆ ಸರಿದರು. ಆಮೇಲೆ ಜೇಬಿನಿಂದ ವೋಟರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. "ಇದ್ನೇ ದೊಡ್ದು ಮಾಡ್ಸೋಣ. ಏನ್ ಮಾಡಕ್ಕಾಗುತ್ತೆ." ಎಂದರು. ನನಗೆ ಅತ್ತೆಯ ದಮ್ಮಯ್ಯ ಕಿವಿಯಲ್ಲಿ ಕೇಳಿಸಿತು. ಅವರು ನಮ್ಮನ್ನು ಬೇಡಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ. "ಇನ್ನೊಂದ್ ದಿನ ಕೊಡಿ" ಎಂದೆ.

ಮಾರನೆಯ ದಿನ ಡಿಸ್ಕನ್ನು ಟವಲಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಶಿವಾಜಿನಗರದ ಬಸ್ಸು ಹತ್ತಿದೆ. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಬಸ್ಸು ಎಂದಿನಂತೆ ನಿಂತಿತು. ಪಕ್ಕದಲ್ಲಿ ಕುಳಿತ ಹೆಂಗಸು ನಾನು ಹಿಡಿದುಕೊಂಡ ರೀತಿ ನೋಡಿ, "ಮಗೂಗೆ ಎಷ್ಟು ತಿಂಗ್ಳಮ್ಮ?" ಎಂದು ಕೇಳಿದಳು. ಟವಲು ಸರಿಸಿ ತೋರಿಸಿದೆ. ಆಮೇಲೆ ಇಂದಿರಾನಗರ ದಾಟುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

ಸೆಲ್ವಿ ಆ ಹೊತ್ತಿಗೆ ಸ್ವಂತ ಅಂಗಡಿ ಇಟ್ಟುಕೊಂಡಿದ್ದಳು. ಸೂತಕದವಳು ಒಳಗೆ ಬರಬಹುದೋ ಇಲ್ಲವೋ ಎಂದು ನಾನು ಬಾಗಿಲಲ್ಲೇ ನಿಂತೆ.

"ಏಯ್, ಅಲ್ಲೇ ನಿಂತ್ಕೊಂಡ್ರೆ ನಿಮ್ಮತ್ತೆ ವಾಪಸ್ ಬರ್ತಾರಾ? ಒಳ್ಗೆ ಬಾ ಮಾ," ಎಂದು ಕೈಹಿಡಿದು ಎಳೆದುಕೊಂಡಳು.

ನಾನು ಮಾಡಿದ್ದನ್ನೆಲ್ಲ ಅವಳೂ ಮತ್ತೊಮ್ಮೆ ಮಾಡಿದಳು. ಬೇರೆ ಕಂಪ್ಯೂಟರಿಗೆ ಹಾಕಿದಳು, ಬೇರೆ ಕೇಬಲ್ ಹಾಕಿದಳು. ಡಿಸ್ಕಿನ ದೀಪ ಉರಿಯುತ್ತಿತ್ತು, ಒಳಗೆ ತಿರುಗುವ ಸದ್ದೂ ಸರಿಯಾಗಿತ್ತು. "ಒಳ್ಗೆಲ್ಲಾ ಚೆನ್ನಾಗೇ ಇದೆ ಸರೋಜಾ. ಬಾಗ್ಲಲ್ಲೇ ಏನೋ ತೊಂದ್ರೆ" ಎಂದು ಡಿಸ್ಕನ್ನು ತಿರುಗಿಸಿ, ಕೇಬಲ್ ಚುಚ್ಚುವ ತೂತಿಗೆ ಟಾರ್ಚು ಬಿಟ್ಟಳು. ಕಣ್ಣು ಕಿರಿದು ಮಾಡಿದಳು.

"ಅಯ್ಯಯ್ಯೋ, ಇದೇನ್ ಮಾ? ಮಷಿನ್ ಒಳ್ಗಡೆ ಮಂಜಳ್ ಕುಂಕುಮಾ ಯಾರ್ ಹಾಕಿದ್ದು?"

ನಾನು ಟಾರ್ಚು ಕಿತ್ತುಕೊಂಡು ನೋಡಿದೆ. ಚೌಕದ ತೂತಿನ ಒಳಗೆ, ನಡುವಿನ ನಾಲಗೆಯ ಮೇಲೆ, ಒಣಗಿದ ಅರಿಶಿನ. ಅದರ ಮೇಲೆ ಕುಂಕುಮದ ಚುಕ್ಕಿ. ಪಕ್ಕದಲ್ಲಿ ಒಂದು ಸಣ್ಣ ಸೀಳು ಸಿಕ್ಕಿಕೊಂಡಿತ್ತು, ಊದಿನಕಡ್ಡಿಯ ಬುಡದ ಕೆಂಪು ಕಡ್ಡಿಯದು. ಬೆರಳು ಹೋಗದ ಬಾಯಿ. ಅದಕ್ಕೇ ಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಇಟ್ಟಿದ್ದಾರೆ. ಆಯುಧಪೂಜೆಯ ದಿನ, ನಾನು ಅಡಿಗೆಮನೆಯಲ್ಲಿ ಒಬ್ಬಟ್ಟು ಬೇಯಿಸುತ್ತಿದ್ದ ಹೊತ್ತಿನಲ್ಲಿ, ಯಾರೂ ನೋಡದಾಗ, ಕೇಬಲ್ಲು ಕಿತ್ತು, ಬಾಯಿ ಹುಡುಕಿ, ಬೊಟ್ಟಿಟ್ಟು, ನಾನು ದಿನಾ ಚುಚ್ಚುವುದನ್ನು ನೋಡಿಕೊಂಡಿದ್ದ ಹಾಗೇ ಮತ್ತೆ ಚುಚ್ಚಿದ್ದಾರೆ.

ಈ ವರ್ಷ ಅದಕ್ಕೇನೂ ಆಗಾಕಿಲ್ಲ ಎಂದು ಅಷ್ಟು ಗಟ್ಟಿಯಾಗಿ ಅವರು ಹೇಳಿದ್ದು ನೆನಪಾಯಿತು. ಸಾವಿನ ದಿನ ಗಟ್ಟಿಯಾಗಿ ಬಾರದ ಅಳು ಸೆಲ್ವಿಯ ಅಂಗಡಿಯಲ್ಲಿ ಬಂತು. ಲಗ್ನಪತ್ರಿಕೆಗೆಂದು ಬಂದಿದ್ದ ಗಿರಾಕಿಗಳು ಮುಖ ಮುಖ ನೋಡಿಕೊಂಡು ಹೊರಗೆ ಹೋಗಿ ನಿಂತರು. ಸೆಲ್ವಿ ನೀರು ಕೊಟ್ಟಳು. ಆಮೇಲೆ ಸ್ಪಿರಿಟ್ಟಿನ ಬಾಟಲಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಎತ್ತಿಕೊಂಡಳು.

"ತಾಳು," ಎಂದೆ. "ನಾನೇ ತೆಗೀತೀನಿ."

ತೆಗೆಯದೆ ಗತಿಯಿರಲಿಲ್ಲ. ಅವರಿಟ್ಟದ್ದು ಹೋದರೇ ಅವರ ಮುಖ ಸಿಗುವುದು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಕಾಗದದ ಮೇಲೆ ಡಿಸ್ಕನ್ನು ಬಗ್ಗಿಸಿ ಹಿಡಿದು, ಮೆಲ್ಲಗೆ ಕೆರೆದೆ. ಹಳದಿ ಕೆಂಪು ಪುಡಿ ಕಾಗದದ ಮೇಲೆ ಉದುರಿತು. ಒಂದು ಚಿಟಿಕೆಯೂ ಇರಲಿಲ್ಲ. ಕಡ್ಡಿಯ ಸೀಳನ್ನೂ ಸೇರಿಸಿ ಕಾಗದವನ್ನು ಪೊಟ್ಟಣ ಕಟ್ಟಿ ಸೆರಗಿಗೆ ಗಂಟು ಹಾಕಿಕೊಂಡೆ. ಆಮೇಲೆ ಸ್ಪಿರಿಟ್ಟು. ಕೇಬಲ್ ಹಾಕಿದ ಕೂಡಲೇ ನಾನು ಫೈಲು ತೆರೆಯಲು ಹೊರಟರೆ ಸೆಲ್ವಿ ತಡೆದಳು, "ಇರು, ಸ್ವಲ್ಪ ನಿಧಾನ, ಅದು ಉಸಿರು ಬಿಡ್ಲಿ." ಇಬ್ಬರೂ ಕಾಯುತ್ತ ಕುಳಿತೆವು. ಟಿಂಗ್ ಎಂದಿತು. ಟುಂಗ್ ಎನ್ನಲಿಲ್ಲ.

ಫೋಟೋದಲ್ಲಿ ಅತ್ತೆ ಹಪ್ಪಳಗಳ ನಡುವೆ ಕುಕ್ಕುರುಗಾಲಲ್ಲಿ ಕುಳಿತಿದ್ದಾರೆ. ಬಿಸಿಲಿಗೆ ಕಣ್ಣು ಕಿರಿದಾಗಿದೆ. ಬೇಡ ಎನ್ನಲು ಕೈ ಎತ್ತಿದ್ದಾರೆ, ಆದರೆ ಬಾಯಿ ಆಗಲೇ ನಕ್ಕುಬಿಟ್ಟಿದೆ. ಒಂದು ಹಲ್ಲಿಲ್ಲ. ತಿಥಿಗೆ ಬಂದವರೆಲ್ಲ ಒಂದು ಗಳಿಗೆ ಅದರ ಮುಂದೆ ನಿಂತು ಹೋದರು. ಯಜಮಾನರು ವೋಟರ್ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿದರು.

ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿಸಿದೆ. ಈ ಹಳೆಯದು ಆಮೇಲೆ ಹೆಚ್ಚು ದಿನ ಬಾಳಲಿಲ್ಲ. ನನ್ನ ಕೈಯಿಂದಲೇ ಒಮ್ಮೆ ಬಿದ್ದು ಮೂಲೆ ಒಡೆಯಿತು, ಒಳಗೆ ಕಟಕಟ ಸದ್ದು ಮಾಡಿ ನಿಂತುಹೋಯಿತು.

ಮುಂದಿನ ಆಯುಧಪೂಜೆಗೆ ಅಟ್ಟದಿಂದ ಸಾಮಾನು ಇಳಿಸಿದವಳು ನಾನು. ಹುಣಸೆಹಣ್ಣು ಹಾಕಿ ಉಜ್ಜಿದೆ, ಎಲೆ ಹಾಸಿದೆ, ಕುಡುಗೋಲು, ಗುದ್ದಲಿ, ಮಚ್ಚು ಸಾಲಾಗಿ ಇಟ್ಟೆ. ಹೊಸ ಡಿಸ್ಕಿನ ಬೆನ್ನಿಗೆ ಒಂದು ಹೂವಿಟ್ಟೆ, ಅದು ನಾಳೆ ಕೆಲಸ ಮಾಡಬೇಕಲ್ಲ. ಆಮೇಲೆ ಬೀರು ತೆಗೆದು ಈ ಹಳೆಯದನ್ನು ತಂದು ಕುಡುಗೋಲಿನ ಪಕ್ಕದಲ್ಲಿ ಇಟ್ಟೆ.

"ಅದು ಓಡೋದೇ ಇಲ್ವಲ್ಲೇ," ಎಂದರು ಯಜಮಾನರು. "ಕೆಲ್ಸದ ಸಾಮಾನು ಮಾತ್ರ ಅಂತಿದ್ಲಲ್ಲ ಅವ್ವ."

"ಅಂತಿದ್ರು," ಎಂದೆ. "ಇದನ್ನ ಸೇರಿಸ್ದೋರೂ ಅವರೇ."

ಪೊಟ್ಟಣ ಬಿಚ್ಚಿ, ಆ ಪುಡಿಯನ್ನು ಬಟ್ಟಲಿನ ಅರಿಶಿನಕ್ಕೆ ಬೆರೆಸಿ, ಒಂದು ಹನಿ ನೀರು ಬಿಟ್ಟು ಕಲಸಿದೆ. ಡಿಸ್ಕನ್ನು ತಿರುಗಿಸಿ, ಊದಿನಕಡ್ಡಿಯ ತುದಿಯಲ್ಲಿ ತೆಗೆದುಕೊಂಡು, ಬಾಯಿಯ ಒಳಕ್ಕೇ ಬೊಟ್ಟಿಟ್ಟೆ.